ತಪ್ಪಲೆಯ ತಳದ ಹೆಸರು

ನಂಜನಗೂಡಿನ ಪಾತ್ರೆ ಅಂಗಡಿಯ ಜಗಲಿಯ ಮೇಲೆ ಕೂತು ಮೂವತ್ತು ವರ್ಷ ಜನರ ಹೆಸರು ಕೊರೆದವನು ನಾನು, ಗುರುಮಲ್ಲಪ್ಪ. ಒಂದು ಪುಟ್ಟ ಉಳಿ, ಒಂದು ಸುತ್ತಿಗೆ. ಚುಕ್ಕೆಯ ಪಕ್ಕ ಚುಕ್ಕೆ ಇಟ್ಟು ಅಕ್ಷರ ಮಾಡುವ ಕೆಲಸ. ಯಾರ ಮದುವೆಗೆ ಯಾರು ಏನು ಕೊಟ್ಟರು ಅನ್ನುವುದು ನನಗೆ ಗೊತ್ತಿದ್ದಷ್ಟು ಮದುಮಕ್ಕಳಿಗೂ ಗೊತ್ತಿರಲಿಲ್ಲ. ಜಿಪುಣರಾದವರು ಅಂಗೈಯಗಲದ ಲೋಟ ತಂದು ಅದರ ಮೇಲೆ ಊರು, ತಾಲ್ಲೂಕು, ಇನಿಷಿಯಲ್ಲು ಸಮೇತ ಹಾಕಿಸುತ್ತಿದ್ದರು. ಆಮೇಲೆ ಕರೆಂಟಿನ ಪೆನ್ನು ಬಂತು. ಪ್ಲಗ್ಗು ಚುಚ್ಚಲು ಗೊತ್ತಿದ್ದವರೆಲ್ಲ ಗೀಚತೊಡಗಿದರು. ತೊಂಬತ್ತೈದರಲ್ಲಿ ಅಂಗಡಿಯವರು ನಯವಾಗಿ, "ನೀವಿನ್ನು ರೆಸ್ಟ್ ತಗೊಳ್ಳಿ ಗುರುಮಲ್ಲಪ್ನೋರೆ" ಅಂದರು.

ರೆಸ್ಟು ಮನೆಯಲ್ಲಿ ಯಾರಾದರೂ ಇದ್ದವರಿಗೆ. ನಾನು ಗುಜರಿ ಅಂಗಡಿಗೆ ಸೇರಿಕೊಂಡೆ. ಹಿತ್ತಾಳೆ, ಅಲ್ಯೂಮಿನಿಯಂ, ಕಬ್ಬಿಣ ಬೇರೆ ಬೇರೆ ಮಾಡಿ ರಾಶಿ ಹಾಕಬೇಕು. ಅಲ್ಲಿಗೆ ನಾನು ಕೊರೆದ ಹೆಸರುಗಳು ಒಂದೊಂದಾಗಿ ವಾಪಸ್ ಬರತೊಡಗಿದವು. ತೂತು ಚೊಂಬು, ಸೊಟ್ಟ ತಟ್ಟೆ, ಹಿಡಿ ಕಿತ್ತ ಸೌಟು, ಎಲ್ಲದರ ಮೇಲೂ ನನ್ನ ಅಕ್ಷರ. ಅವನ್ನು ಕರಗಿಸಲು ಕಳಿಸಬೇಕೆಂದರೆ ಹೊಟ್ಟೆ ಉರಿಯುತ್ತಿತ್ತು. ಹೆಸರಿದ್ದ ತುಂಡುಗಳನ್ನಷ್ಟೇ ಕತ್ತರಿಸಿ ಮನೆಗೆ ತಂದೆ. ರಿವಿಟ್ ಹೊಡೆದು ಜೋಡಿಸಿದೆ. ಮೊದಲು ಒಂದು ಕೋಳಿಯಾಯಿತು, ಆಮೇಲೆ ಕರು. ಕೊನೆಗೆ ಎರಡು ವರ್ಷ ಹಿಡಿದು, ನಡುಮನೆಯಲ್ಲಿ ಒಬ್ಬ ಹೆಂಗಸು ಚಕ್ಕಳಮಕ್ಕಳ ಹಾಕಿ ಕೂತಳು. ಕೆನ್ನೆಗೆ ತಟ್ಟೆ, ತೋಳಿಗೆ ಬಿಂದಿಗೆಯ ಕತ್ತು, ಸೆರಗಿಗೆ ತೆಳ್ಳಗೆ ಬಡಿದ ಡಬರಿಗಳು. ಮೈತುಂಬ ಊರಿನವರ ಹೆಸರು. ಮಡಿಲು ಮಾತ್ರ ಖಾಲಿ. ಅಲ್ಲಿ ಒಂದು ತಪ್ಪಲೆ ಕೂರುವಷ್ಟು ಜಾಗ ಬಿಟ್ಟಿದ್ದೆ.

ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು ಹರಿಪ್ರಸಾದ್ ಇದನ್ನು ನೋಡಿ ಕುಣಿದಾಡಿಬಿಟ್ಟರು.

"ಮೈಸೂರಲ್ಲಿ ಎಕ್ಸಿಬಿಷನ್ ಇದೆ. ಸೋಮವಾರ ಲಗೇಜ್ ಆಟೋ ತರ್ತೀನಿ. ಅಷ್ಟರಲ್ಲಿ ಮಡಿಲಿಗೆ ಯಾವುದಾದ್ರೂ ಪಾತ್ರೆ ಕೂರಿಸಿ ಮುಗಿಸಿಬಿಡಿ."

"ಯಾವ್ದಾರೂ ಆಗಲ್ಲ ಮೇಷ್ಟ್ರೆ."

ಯಾವುದು ಆಗಬೇಕು ಅಂತ ಅವರಿಗೆ ಹೇಳಲಿಲ್ಲ. ನಿಮಗೆ ಹೇಳುತ್ತೇನೆ.

ನನಗೂ ಮದುವೆಯಾಗಿತ್ತು. ಹೆಂಡತಿ ಮಂಗಳಗೌರಿ, ಟಿ. ನರಸೀಪುರದವಳು. ಅವಳ ಅಪ್ಪ ಇಪ್ಪತ್ತೊಂದು ಹಿತ್ತಾಳೆ ಪಾತ್ರೆ ಕೊಟ್ಟು, ಮದುವೆಯಾದ ಮೂರೇ ತಿಂಗಳಿಗೆ ತೀರಿಕೊಂಡರು. "ಎಲ್ಲಾದ್ರ ಮೇಲೂ ನಮ್ಮಪ್ಪನ ಎಸ್ರು ಆಕ್ರಿ" ಅಂದಳು. ನಾನು ಇಪ್ಪತ್ತೊಂದರ ಮೇಲೂ ನನ್ನ ಹೆಸರು ಹಾಕಿದೆ. ಊರಿಗೆಲ್ಲ ಕೊಟ್ಟವರ ಹೆಸರು ಕೊರೆಯುವವನು ಸ್ವಂತ ಮನೆಯಲ್ಲಿ ಅದನ್ನು ನುಂಗಿ ನೀರು ಕುಡಿದೆ. ಅಹಂಕಾರ, ಇನ್ನೇನು? ಅವಳು ಅತ್ತಳು. ನಾನು ಕೂಗಾಡಿದೆ. ಬೇಡವಾದರೆ ನಿನ್ನ ಪಾತ್ರೆ ಹೊತ್ತುಕೊಂಡು ಹೋಗು ಅಂದೆ. ಹೊರಟು ನಿಂತೇಬಿಟ್ಟಳು.

ಅವಳ ಅಣ್ಣಂದಿರು ಬಂದು ನನ್ನೆದುರು ಕೂತು, ಒಂದೊಂದು ಪಾತ್ರೆಯ ಮೇಲಿನ ಹೆಸರನ್ನೂ ನನ್ನ ಕೈಯಲ್ಲೇ ಸುತ್ತಿಗೆ ಹೊಡೆಸಿ ಅಳಿಸಿದರು. ಇಪ್ಪತ್ತು ಅಳಿಸಿದೆ. ಒಂದು ತಪ್ಪಲೆಗೆ ಮಾತ್ರ ತಳದಲ್ಲಿ ಹೆಸರು ಹಾಕಿದ್ದೆ. ಅಣ್ಣಂದಿರು ಅದನ್ನು ತಿರುಗಿಸಿ ನೋಡಲಿಲ್ಲ, ನಾನೂ ಹೇಳಲಿಲ್ಲ. ಮಂಗಳಗೌರಿಗೆ ಗೊತ್ತಿತ್ತು. ನನ್ನ ಮುಖವನ್ನೊಮ್ಮೆ ನೋಡಿದಳು. ಬಾಯಿ ಬಿಡದೆ ತಪ್ಪಲೆಯನ್ನು ಚೀಲಕ್ಕೆ ಹಾಕಿಕೊಂಡಳು. ಆ ಒಂದು ನೋಟ ಇಟ್ಟುಕೊಂಡು ಇಪ್ಪತ್ತೆಂಟು ವರ್ಷ ಕಳೆದಿದ್ದೇನೆ. ಹೋಗಿ ತಪ್ಪಾಯಿತು ಅನ್ನುವುದಕ್ಕೆ ಮೊದಲು ಜಂಬ ಬಿಡಲಿಲ್ಲ, ಆಮೇಲೆ ನಾಚಿಕೆ ಬಿಡಲಿಲ್ಲ.

ಗುಜರಿಗೆ ಒಂದು ಹೆಸರು ಬಂತೆಂದರೆ ಹೆಚ್ಚಾಗಿ ಆ ಹೆಸರಿನವರು ಹೋಗಿಬಿಟ್ಟಿರುತ್ತಾರೆ. ಆ ತಪ್ಪಲೆಗಾಗಿಯೇ ಮಡಿಲು ಖಾಲಿ ಬಿಟ್ಟಿದ್ದೆ. ಅದು ಬಾರದಿರಲಿ ಅಂತಲೇ ದಿನಾ ನಂಜುಂಡನಿಗೆ ಕೈ ಮುಗಿಯುತ್ತಿದ್ದೆ.

ಶುಕ್ರವಾರ ಅದು ಬಂತು. ತಂದವಳು ಕೆಂಪಾಜಮ್ಮ, ಊರೂರು ಸುತ್ತಿ ಹಳೇ ಸಾಮಾನಿಗೆ ಸ್ಟೀಲ್ ಪಾತ್ರೆ ಕೊಡುವವಳು. ಬುಟ್ಟಿ ಸುರಿದಳು. ತಪ್ಪಲೆಯ ಕಂಠ ನೋಡಿದ ಕೂಡಲೇ ಗುರುತು ಹತ್ತಿತು. ತಿರುಗಿಸಿದೆ. ನನ್ನ ಹೆಸರಿತ್ತು. ಆದರೆ ಅದು ನನ್ನ ಕೈಯದಲ್ಲ.

ಬೂದಿ, ತೆಂಗಿನ ನಾರು ಹಾಕಿ ಉಜ್ಜಿ ಉಜ್ಜಿ ತಳ ಕಾಗದದಷ್ಟು ತೆಳ್ಳಗಾಗಿತ್ತು. ನಾನಿಟ್ಟ ಚುಕ್ಕೆಗಳು ಎಂದೋ ಸವೆದಿದ್ದವು. ಅವುಗಳ ಜಾಗದಲ್ಲಿ ಯಾರೋ ಮೊಳೆ ಇಟ್ಟು ಕಲ್ಲಿನಿಂದ ಕುಟ್ಟಿದ್ದರು. ಸಾಲು ಸೊಟ್ಟ, ಒಂದು ಆಳ, ಒಂದು ಮೇಲೆ ಮೇಲೆ. ಒಂದೇ ಸಲ ಕುಟ್ಟಿದ್ದೂ ಅಲ್ಲ. ಕೆಲವು ಹಳೆಯವಾಗಿ ನುಣುಪಾಗಿದ್ದವು, ಕೆಲವು ಇನ್ನೂ ಬೆರಳಿಗೆ ತರಚುತ್ತಿದ್ದವು. ಸವೆದಾಗಲೆಲ್ಲ ಮಂಗಳಗೌರಿ ಕೂತು ಕುಟ್ಟಿದ್ದಾಳೆ. ಕೊನೆಯ ಚುಕ್ಕೆಯಲ್ಲಿ ಮೊಳೆ ಆಚೆ ಹೊರಟುಹೋಗಿತ್ತು.

"ಅವ್ರು... ಇದನ್ನ ಕೊಟ್ಟೋರು ಯಾರು?" ಅಂದೆ.

"ನರಸೀಪುರದಲ್ಲಿ ಒಳೆ ಕಡೆ ಬೀದಿ ಅಜ್ಜಿ ಕಣಣ್ಣ. ಒಬ್ರೇ ಅವ್ರೆ, ಅಣ್ಣ ತಮ್ಮದೀರು ಯಾರೂ ಉಳ್ದಿಲ್ಲ. ತೂತಾಗೋಯ್ತು ತಗೊಂಡೋಗವ್ವ ಅಂದ್ಬುಟ್ಟು, ಬೀದಿ ತಿರುಗೋಗಂಟ ನೋಡ್ತಾ ನಿಂತಿದ್ರು."

ಬದುಕಿದ್ದಾಳೆ! ತಪ್ಪಲೆಯನ್ನು ರಾಶಿಗೆ ಹಾಕದೆ ಪಕ್ಕಕ್ಕಿಟ್ಟೆ. ಅದರ ತೂಕದ ದುಡ್ಡನ್ನು ನನ್ನ ಕೈಯಿಂದಲೇ ಕೊಟ್ಟೆ.

ಮನೆಗೆ ತಂದು ಮಡಿಲಿನಲ್ಲಿಟ್ಟು ನೋಡಿದೆ. ಅಳತೆ ತೆಗೆದು ಮಾಡಿದ ಹಾಗೆ ಕೂತಿತು. ಇಷ್ಟು ವರ್ಷದ ಕೆಲಸ ಮುಗಿದಂತಾಯಿತು. ಆದರೆ ಬದುಕಿರುವವಳ ಪಾತ್ರೆಯನ್ನು ಎಕ್ಸಿಬಿಷನ್ನಿಗೆ ಇಟ್ಟು, ಅವಳು ಇನ್ಯಾವುದರಲ್ಲೋ ಅನ್ನ ಮಾಡಿಕೊಳ್ಳಲಿ ಅನ್ನುವುದೇ? ಅವಳ ಅಪ್ಪ ಕೊಟ್ಟದ್ದನ್ನು ನನ್ನದು ಅಂದವನು ನಾನು. ಮತ್ತೆ ಅದನ್ನೇ ಮಾಡಲಾರೆ ಅನ್ನಿಸಿತು.

ತೂತಿಗೆ ಒಂದು ಹಿತ್ತಾಳೆ ರಿವಿಟ್ ಕೂರಿಸಿ ಬೆಸೆದೆ. ಒಳಗೆ ಕಲಾಯಿ ಹಾಕಿದೆ. ಸೊಟ್ಟ ಚುಕ್ಕೆಗಳಲ್ಲಿ ಒಂದನ್ನೂ ತಿದ್ದಲಿಲ್ಲ. ಸಾಲಿನ ಕೊನೆಯ ಚುಕ್ಕೆ ಮಾತ್ರ ಈಗ ನನ್ನದು. ಆಮೇಲೆ ಕಂಠದ ಮೇಲೆ, ಮೊದಲೇ ಹಾಕಬೇಕಾಗಿದ್ದ ಅವಳ ಅಪ್ಪನ ಹೆಸರನ್ನು ಕೊರೆದೆ. ಹೆಸರು ಕೊರೆಯಲು ಉಳಿ ಹಿಡಿದು ಎಷ್ಟೋ ವರ್ಷವಾಗಿತ್ತು. ಆದರೂ ಚೆನ್ನಾಗಿ ಬಂತು.

ಶನಿವಾರ ಒಗೆದ ಪಂಚೆ ಉಟ್ಟು, ತಪ್ಪಲೆಯನ್ನು ಟವಲಿನಲ್ಲಿ ಸುತ್ತಿ, ನರಸೀಪುರದ ಬಸ್ಸಿನಲ್ಲಿ ಕೂತೆ. ಕಂಡಕ್ಟರ್ ರೈಟ್ ಅನ್ನುವ ಹೊತ್ತಿಗೆ ಇಳಿದುಬಿಟ್ಟೆ. ಬಾಗಿಲು ತೆಗೆದು ಅವಳು ಯಾರು ನೀವು ಅಂದರೆ? ಅರವತ್ತೈದು ವರ್ಷದ ಗಂಡಸು ಬಸ್ ಸ್ಟ್ಯಾಂಡಿನಲ್ಲಿ ತಪ್ಪಲೆ ತಬ್ಬಿಕೊಂಡು ನಿಂತಿದ್ದೆ.

ಭಾನುವಾರ ಕೆಂಪಾಜಮ್ಮನ ಕೈಯಲ್ಲೇ ಕಳಿಸಿದೆ. ಸೋಮವಾರ ಬೆಳಿಗ್ಗೆ ಕೆಂಪಾಜಮ್ಮ ವಾಪಸ್ ಬಂದಳು.

"ಕೊಟ್ಟೆ ಕಣಣ್ಣ. ಕಂಠದ ಮೇಲಿನ್ ಎಸ್ರು ಓದುದ್ರು. ಆಮೇಕೆ ತಿರುಗ್ಸಿ, ತಳದಲ್ಲಿ ಆ ರಿವಿಟ್ ಮ್ಯಾಲೆ ಬೆಳ್ಳು ಆಡುಸ್ತಾ ಕುಂತ್ಕಂಡ್ರು. ನಾನ್ ಕೊಟ್ಟಿದ್ದ ಸ್ಟೀಲ್ ಬೇಸನ್ ವಾಪಸ್ ಕೊಟ್ಬುಟ್ರು. ನಾನ್ ಎಲೆ ಅಡ್ಕೆ ಆಕ್ಕೊಳೋದ್ರೊಳ್ಗೇ ಅಕ್ಕಿ ತೊಳ್ದು ಅದ್ರಲ್ಲೇ ಒಲೆ ಮ್ಯಾಲಿಟ್ರು."





ಹತ್ತು ಗಂಟೆಗೆ ಮೇಷ್ಟ್ರು ಆಟೋ ತಂದರು. ನಾಲ್ಕು ಜನ ಹಿಡಿದು ಪಾತ್ರೆ ತುಂಡಿನ ಹೆಂಗಸನ್ನು ಎತ್ತಿ ಕೂರಿಸಿದೆವು.

"ಮಡಿಲು ಖಾಲಿನೇ ಇದೆಯಲ್ರೀ! ಜನ ಕೇಳಿದ್ರೆ ಏನು ಹೇಳ್ಲಿ?"

"ಆ ಪಾತ್ರೆಲಿ ಅನ್ನ ಬೇಯ್ತಾ ಅದೆ ಅನ್ನಿ ಮೇಷ್ಟ್ರೆ."

ಅವರು ಏನೋ ತಮಾಷೆ ಅಂದುಕೊಂಡು ನಕ್ಕರು. ನಾನು ಹಗ್ಗ ಬಿಗಿದು ಕಟ್ಟಿದೆ. ಆಟೋ ಹೋದ ಮೇಲೆ ನಡುಮನೆ ಬಹಳ ದೊಡ್ಡದಾಗಿ ಕಂಡಿತು. ಒಳಗೆ ಹೋಗಿ, ಒಬ್ಬನಿಗೆ ಆಗುವಷ್ಟು ಅಕ್ಕಿ ತೊಳೆದೆ.