ಹಾಸಿಗೆಯೊಳಗೆ ಹೊಲಿದ ಕಾರು

ಕಾರು ಒಯ್ಯುವ ಲಾರಿ ಬಂದು ಮನೆ ಮುಂದೆ ನಿಂತಿತ್ತು. ದಾರಿ ಸಿಗದವರು ಹಿಂದಿನಿಂದ ಒಂದೇ ಸಮನೆ ಹಾರ್ನ್ ಒತ್ತುತ್ತಿದ್ದರು. ಆದರೆ ಲಾರಿಗೆ ಏರಿಸಬೇಕಾದ ಕಾರೇ ಕಾಣಿಸುತ್ತಿರಲಿಲ್ಲ. ಅಲ್ಲಿದ್ದದ್ದು ನಾಲ್ಕು ಚಕ್ರದ ಒಂದು ದೊಡ್ಡ ಹಾಸಿಗೆ.

"ಮಾವಾ! ಏನ್ ಮಾಡಿಟ್ಟಿದ್ದೀರಿ ಇದು?" ಸೊಸೆ ಹಣೆ ಚಚ್ಚಿಕೊಂಡಳು.

ಮಾವ ಹಾಸಿಗೆ ಹೊಲಿಯುವವರು. ಹುರಿಯನ್ನು ಬಾಯಲ್ಲಿ ಕಚ್ಚಿ, ದಬ್ಬಣ ಹಿಡಿದು ಕೊನೆಯ ಮೂಲೆಗೆ ಹೊಲಿಗೆ ಹಾಕುತ್ತಿದ್ದರು.

"ನಿನ್ನ ಕಾರಿಗೆ ಒಂದು ಗೀರೂ ಬೀಳಬಾರದು ಅಂತ. ಹೊಸ ಹತ್ತಿ ಕಣಮ್ಮ. ಮೇಲಿಂದ ಎತ್ತಿ ಹಾಕಿದ್ರೂ ಏನೂ ಆಗಲ್ಲ."

ಸೊಸೆ ಕಾರು ಓಡಿಸುವುದನ್ನು ಕಲಿಸುವವಳು. ಪಕ್ಕದಲ್ಲಿ ಕೂತು ತಾನೂ ಒತ್ತಲಿಕ್ಕೆಂದು ತನ್ನ ಕಾರಿಗೆ ಎರಡನೆಯ ಬ್ರೇಕ್ ಹಾಕಿಸಿದ್ದಳು. ಬೀದಿಯವರು ಅವಳನ್ನು ಬ್ರೇಕಮ್ಮ ಎಂದೇ ಕರೆಯುತ್ತಿದ್ದರು. ಈಗ ಮನೆಮಂದಿಯೆಲ್ಲ ದೂರದ ಊರಿಗೆ ಹೊರಟಿದ್ದರು. ಅಲ್ಲಿ ಅವಳು ತನ್ನದೇ ಡ್ರೈವಿಂಗ್ ಶಾಲೆ ತೆರೆಯಬೇಕು. ಬೋರ್ಡು ಬರೆಸಿಯಾಗಿತ್ತು, ಕಲಿಯುವವರು ಹೆಸರು ಕೊಟ್ಟಾಗಿತ್ತು. ಆ ಕಾರಿಗೆ ಏನಾದರೂ ಆದರೆ ಶಾಲೆಯೇ ಇಲ್ಲ.

ಲಾರಿಯವನು ಕೆಳಗಿಳಿದು ಬಂದ. "ಅಕ್ಕಾ, ನಾನು ಕಾರಿನ ಸುತ್ತ ನೋಡಿ ಫೋಟೋ ತೆಗೀಬೇಕು. ಇದರಲ್ಲಿ ಏನನ್ನ ನೋಡ್ಲಿ?"

"ಅದೇ ಫೋಟೋ ವಿಮೆಗೂ ಬೇಕು," ಎಂದಳು ಸೊಸೆಯ ಗೆಳತಿ. ವಿಮಾ ಕಚೇರಿಯಲ್ಲಿ ಕೆಲಸ ಮಾಡುವ ಅವಳು ಸಾಮಾನು ಕಟ್ಟಲು ನೆರವಿಗೆ ಬಂದಿದ್ದಳು. "ಬಿಚ್ಚಿ ದೊಡ್ಡಪ್ಪ."

"ವಿಮೆ ಯಾಕೆ? ಕಾರಿಗೆ ವರ್ಷವರ್ಷ ಕಟ್ತಾ ಇಲ್ವಾ?"

"ಅದು ಲಾರಿ ಮೇಲಿರೋ ಕಾರಿಗೂ ಬರತ್ತಾ ಅಂತ ಕೇಳಿದ್ರಾ? ಒಂದೊಂದರಲ್ಲಿ ಒಂದೊಂದು ಥರ ಇರತ್ತೆ."

"ಕೇಳೋದೇನು, ವಿಮೆ ಅಂದ್ರೆ ವಿಮೆ."

"ಅಯ್ಯೋ! ನಾವು ಕೇಳಿದ್ದೀವಿ. ಇವಳದರಲ್ಲಿ ಬರಲ್ಲ."

"ಹಾಗಾದ್ರೆ ಲಾರಿಯವರೇ ಕೊಡ್ಲಿ. ಒಯ್ಯೋರು ಅವರು ತಾನೆ?"

"ಅವರು ಒಪ್ಪಿಕೊಂಡಷ್ಟು ಮಾತ್ರ ಕೊಡ್ತಾರೆ. ಗಾಳಿಗೆ ಮರ ಬಿದ್ರೆ, ಇನ್ನೊಂದು ಗಾಡಿ ಬಂದು ಗುದ್ದಿದ್ರೆ ನಮ್ಮ ತಪ್ಪಲ್ಲ ಅಂತಾರೆ. ಅದಕ್ಕೇ ಬೇರೆ ಸಾಗಣೆ ವಿಮೆ ಮಾಡಿಸೋದು. ಅದೂ ಲಾರಿಗೆ ಏರಿಸೋಕೆ ಮೊದಲು. ಏಟು ಬಿದ್ದ ಮೇಲೆ ಓಡಿ ಬಂದ್ರೆ ನಾನೇನು ಮಾಡ್ಲಿ ಹೇಳಿ?"

"ನನ್ನ ಹತ್ತಿ ಇದೆಯಲ್ಲ!"

ಹೊಸ್ತಿಲಲ್ಲಿ ನಿಂತಿದ್ದ ಅತ್ತೆಗೆ ತಡೆಯಲಾಗಲಿಲ್ಲ. "ಮದುವೆ ಆದಾಗಿಂದ ನೋಡ್ತಿದ್ದೀನಿ. ಹೊಟ್ಟೆನೋವು ಅಂದ್ರೂ ದಿಂಬು ತಂದುಕೊಡ್ತಾರೆ!"

"ನೀನು ಸುಮ್ನಿರು. ಖಾಲಿ ಯಾಕೆ ಹೋಗ್ಬೇಕು ಅಂತ ನಿನ್ನ ಹೊಲಿಗೆ ಮಿಷನ್ನೂ ಕಾರೊಳಗೇ ಇಟ್ಟಿದ್ದೀನಿ."

ಗೆಳತಿ ಮೆಟ್ಟಿಲ ಮೇಲೆ ಕುಸಿದು ಕೂತಳು. "ಒಳಗಿನ ಸಾಮಾನಿಗೆ ಈ ವಿಮೆ ಇಲ್ಲ. ಮಿಷನ್ ಉರುಳಿ ಗಾಜು ಒಡೆದ್ರೆ ಅದೂ ನಿಮ್ಮ ತಲೆ ಮೇಲೇ."

ಸೊಸೆ ಮಾವನ ಎದುರು ಬಂದು ನಿಂತಳು. "ಮಾವಾ, ಒಂದೇ ಮಾತು ಹೇಳಿ. ಗಿರಾಕಿ ಬರೋ ಮೊದಲೇ ಹಾಸಿಗೆನ ನಾಲ್ಕೂ ಕಡೆ ಹೊಲಿದುಬಿಡ್ತೀರಾ?"

"ಛೆ ಛೆ! ಒಂದು ಮಗ್ಗುಲು ಬಿಟ್ಟಿರ್ತೀನಿ. ಅವರು ಕೈಹಾಕಿ ಹತ್ತಿ ನೋಡಿದ ಮೇಲೇ ಮುಚ್ಚೋದು. ಇಲ್ಲಾಂದ್ರೆ ನಾಳೆ, ಹಳೇ ಹತ್ತಿ ತುಂಬಿದ್ದೀಯ ಅಂತ ಜಗಳಕ್ಕೆ..."

ಹೇಳುತ್ತಿದ್ದಂತೆ ಅವರ ದಬ್ಬಣ ನಿಂತಿತು.

"ಮತ್ತೆ ನನ್ನ ಕಾರು?"

ಮಾವ ಕತ್ತರಿ ತೆಗೆದುಕೊಂಡು ತಮ್ಮ ಹೊಲಿಗೆಯನ್ನು ತಾವೇ ಬಿಚ್ಚತೊಡಗಿದರು. "ಎಷ್ಟು ಗಟ್ಟಿಯಾಗಿ ಹಾಕಿದ್ದೀನಿ ನೋಡು, ಹಾಳಾದ್ದು," ಎಂದು ಗೊಣಗಿದ್ದಷ್ಟೇ.

ಮಿಷನ್ ಕೆಳಗಿಳಿಯಿತು. ಸುತ್ತಲಿಂದ ಫೋಟೋ ತೆಗೆದರು. ಹಳೆಯ ಗೀರುಗಳನ್ನೂ ಮುಚ್ಚಿಡದೆ ತೋರಿಸಿದರು. ವಿಮೆ ಆದ ಮೇಲೆಯೇ ಕಾರು ಲಾರಿ ಏರಿತು.

ಹೊಸ ಊರಿನಲ್ಲಿ ಕಾರು ಇಳಿಯಿತು. ಲಾರಿಯವನಿಗೆ ಅವಸರ. "ಸರಿಯಾಗಿ ತಲುಪಿದೆ ಅಂತ ಒಂದು ಸಹಿ ಹಾಕಿಬಿಡಿ." ಸೊಸೆಯ ಗಂಡ ಪೆನ್ನು ತೆಗೆದೇಬಿಟ್ಟ.

"ಕೈ ತೆಗಿಯೋ! ನೋಡದೆ ಸಹಿನಾ?" ಎಂದು ಗದರಿದವರು ಮಾವ. ಹಾಸಿಗೆಯಲ್ಲಿ ಗಂಟು ಹುಡುಕುವ ಹಾಗೆ ಕಾರಿನ ಮೈಮೇಲೆಲ್ಲ ಕೈಯಾಡಿಸಿದರು. ಸೊಸೆ ಕೂರುವ ಕಡೆಯ ಬಾಗಿಲು ಏಟು ಬಿದ್ದು ಒಳಕ್ಕೆ ನೆಗ್ಗಿತ್ತು, ಎಳೆದರೂ ತೆರೆಯಲಿಲ್ಲ. ಏನಾಗಿದೆಯೋ ಅದನ್ನು ಲಾರಿಯವನ ಕಾಗದದಲ್ಲೇ ಬರೆದ ಮೇಲೆಯೇ ಸಹಿ ಹಾಕಲು ಬಿಟ್ಟರು. ಸೊಸೆ ಮತ್ತೆ ಫೋಟೋ ತೆಗೆದು ಆಗಲೇ ವಿಮೆಯವರಿಗೆ ತಿಳಿಸಿದಳು. ಬಾಗಿಲು ಹೊರಡುವಾಗ ಚೆನ್ನಾಗಿತ್ತು ಎನ್ನಲು ಮೊದಲಿನ ಫೋಟೋ ಇತ್ತಲ್ಲ, ರಿಪೇರಿಯ ಖರ್ಚನ್ನು ವಿಮೆಯೇ ಕೊಟ್ಟಿತು. ಶಾಲೆ ಸ್ವಲ್ಪ ತಡವಾಗಿಯಾದರೂ ತೆರೆಯಿತು.

ಅಂದು ಮಾವ ಕಾರಿನ ಸೀಟಿಗೆಂದು ಅದೇ ಹತ್ತಿಯ ದಿಂಬು ತಂದರು. ಒಂದು ಮಗ್ಗುಲಿಗೆ ಹೊಲಿಗೆ ಇರಲಿಲ್ಲ.

"ನೋಡಮ್ಮ," ಎಂದರು. "ನೀನು ನೋಡಿದ ಮೇಲೆ ಮುಚ್ತೀನಿ."

ಅಣ್ಣಂದಿರೇ, ಅಕ್ಕಂದಿರೇ, ಎಷ್ಟು ಸಲ ಹೇಳಿದರೂ ನಾವು "ನಮ್ಮ ಗಾಡಿಗೆ ಏನಾಗತ್ತೆ ಬಿಡಿ" ಎನ್ನುತ್ತೇವೆ. ದಯವಿಟ್ಟು ಬಿಡಬೇಡಿ. ಕಾರನ್ನು ಬೇರೆ ಊರಿಗೆ ಕಳಿಸುವ ಮೊದಲು ನಿಮ್ಮ ವಿಮೆಯಲ್ಲಿ ಸಾಗಣೆ ಸೇರಿದೆಯೇ ಎಂದು ಬಾಯಿಬಿಟ್ಟು ಕೇಳಿ. ಸೇರಿಲ್ಲದಿದ್ದರೆ ಏರಿಸುವ ಮೊದಲೇ ಮಾಡಿಸಿ. ಒಳಗೆ ಸಾಮಾನು ತುಂಬಬೇಡಿ. ಹೊರಡುವಾಗಲೂ ಇಳಿಸುವಾಗಲೂ ಫೋಟೋ ತೆಗೆಯಿರಿ. ಲಾರಿಯವರಿಗೆ ಎಷ್ಟೇ ಅವಸರವಿರಲಿ, ನಿಮ್ಮ ಸಹಿಗೆ ಅವಸರ ಬೇಡ.