ಬರೀ ಬಲಕ್ಕೆ

ನಡುರಾತ್ರಿ ಟಿಕ್ ಟಿಕ್ ಎಂಬ ಸಣ್ಣ ಸದ್ದಿಗೆ ಎಚ್ಚರವಾಯಿತು. ಗಡಿಯಾರವಲ್ಲ. ನಲ್ಲಿಯೂ ಇರಲಾರದು, ಮಲಗುವ ಮುಂಚೆ ನಾನೇ ಎರಡು ಸಲ ತಿರುಗಿಸಿ ನೋಡಿದ್ದೆ. ತಲೆಯೆತ್ತಿದರೆ ನನ್ನವರು ನೆಲದ ಮೇಲೆ ಕುಳಿತು, ಮೊಬೈಲಿನ ಬೆಳಕಿನಲ್ಲಿ ನನ್ನ ಸೈಕಲ್ಲಿನ ಹಿಂದಿನ ಚಕ್ರವನ್ನು ಮೆಲ್ಲಗೆ ತಿರುಗಿಸುತ್ತಿದ್ದರು.

"ಏನ್ರೀ ಅದು, ಇಷ್ಟು ಹೊತ್ತಲ್ಲಿ?"

"ಚಕ್ರ ಓಲಾಡುತ್ತಾ ಅಂತ ನೋಡ್ತಿದ್ದೆ."

"ಓಲಾಡುತ್ತಾ?"

"ಇಲ್ಲ. ಓಲಾಡ್ತಿರೋದು ನೀನೊಬ್ಬಳೇ. ಮಲಗು."

ನಾನು ಆಸ್ಪತ್ರೆಯೊಂದರಲ್ಲಿ ಔಷಧಿ ಕೊಡುವವಳು. ಚೀಟಿಯ ಹೆಸರು, ಮಾತ್ರೆಯ ಹೆಸರು, ಅವಧಿ ಮುಗಿಯುವ ತಿಂಗಳು ಎಲ್ಲವನ್ನೂ ಓದಿ, ಮತ್ತೆ ಓದಿ, ಆಮೇಲಷ್ಟೇ ರೋಗಿಯ ಕೈಗೆ ಕೊಡುವುದು. ಅವರದು ಕನ್ನಡಕದ ಅಂಗಡಿ. ಪರದೇಶದ ಹಳ್ಳಿಗಾಡಿನಲ್ಲಿ ಒಂದು ತಿಂಗಳು ಇಬ್ಬರೂ ಸೈಕಲ್ ತುಳಿಯಬೇಕೆಂಬುದು ಅವರ ಬಹುಕಾಲದ ಆಸೆ. ಮಗಳು ಹಾಸ್ಟೆಲ್ ಸೇರಿದ ಮೇಲೆ ನನ್ನ ನೆಪಗಳೆಲ್ಲ ಖಾಲಿಯಾದವು. ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ಮೊದಲ ದಿನ ಸಂಜೆಗೆ ನಾನು ಬೇಡವೆಂದರೆ ಸೈಕಲ್‌ಗಳು ಮತ್ತೆ ಪೆಟ್ಟಿಗೆ ಸೇರಬೇಕು, ಅವರು ಮುಖ ಊದಿಸಿಕೊಳ್ಳಬಾರದು.

ಹೊರಡುವಾಗ ನಮ್ಮಣ್ಣ ನಗುತ್ತಾ ಹೇಳಿದ್ದ, "ಭಾವ, ಬರೆದಿಟ್ಕೊಳ್ಳಿ. ಮೊದಲನೇ ದಿನ ಸಂಜೆಗೆ ನೀವಿಬ್ಬರೂ ಹೊರಟ ಜಾಗದಲ್ಲೇ ಇರ್ತೀರ."

ಬೆಳಗ್ಗೆ, ಹಿಂದಿನ ದಿನವಷ್ಟೇ ಬಂದು ತಂಗಿದ್ದ ಮನೆಯ ಗೇಟಿನ ಬಳಿ ನಿಂತಾಗ ಅಣ್ಣನ ಮಾತೇ ನಿಜವಾಗುವ ಹಾಗಿತ್ತು. ಆ ದೇಶದಲ್ಲಿ ವಾಹನಗಳು ರಸ್ತೆಯ ಬಲಬದಿಯಲ್ಲಿ ಓಡುತ್ತವೆ. ನಾವು ಹೋಗಬೇಕಾದ ದಿಕ್ಕಿಗೆ ಮೊದಲು ರಸ್ತೆ ದಾಟಬೇಕಿತ್ತು. ಒಂದು ಹಾಲಿನ ಲಾರಿ ಹೋಯಿತು, ಒಂದು ಕಾರು, ಮತ್ತೊಂದು ಕಾರು. ನಾನು ಹ್ಯಾಂಡಲ್ ಹಿಡಿದು ನಿಂತೇ ಇದ್ದೆ. ಮನೆಯ ಒಡತಿ ಇದನ್ನೆಲ್ಲ ನೋಡಿ ನೋಡಿ ಬೇಸತ್ತು, ಪೊರಕೆ ಹಿಡಿದು ನಡುರಸ್ತೆಗೆ ಬಂದು ಎರಡೂ ಕಡೆಯ ವಾಹನ ತಡೆದಳು. ಸೈಕಲ್ ತಳ್ಳಿಕೊಂಡು ದಾಟಿದೆ.

"ನೋಡಿ, ನಾನು ಎಡಕ್ಕೆ ತಿರುಗಲ್ಲ," ಎಂದೆ. ಎಡಕ್ಕೆ ತಿರುಗುವುದೆಂದರೆ ಎದುರಿನಿಂದ ಬರುವ ವಾಹನಗಳನ್ನು ಸೀಳಿಕೊಂಡು ಹೋಗುವುದು.

"ಆಯ್ತು ತಾಯಿ. ಇವತ್ತು ನೀನೇ ಮುಂದೆ. ನೀನು ತಿರುಗಿದ ಕಡೆ ನಾನೂ."

ಮೊದಮೊದಲು ಕ್ಷಣಕ್ಕೊಮ್ಮೆ ಹಿಂದೆ ನೋಡುತ್ತಿದ್ದೆ. ಅವರಿದ್ದಾರೋ, ಲಾರಿ ಬಂತೋ, ಚೀಲ ಬಿತ್ತೋ ಎಂಬ ಆತಂಕ. ನಾವು ತಲುಪಬೇಕಿದ್ದ ಊರಿನ ಹಲಗೆ ಒಂದು ಕವಲಿನಲ್ಲಿ ಎಡಕ್ಕೆ ಬಾಣ ತೋರಿಸಿತು. ಎದುರಿನಿಂದ ಟ್ರ್ಯಾಕ್ಟರ್ ಬರುತ್ತಿತ್ತು. "ಮುಂದಿನ ಕವಲಲ್ಲಿ ತಿರುಗಿದ್ರಾಯ್ತು," ಎಂದು ಬಲಕ್ಕೆ ಹೋದೆ. ಮುಂದಿನ ಕವಲಿನಲ್ಲಿ ಬಸ್ಸು. ಅಲ್ಲೂ ಬಲಕ್ಕೇ. ಆಮೇಲೆ ಹಳದಿ ಹೂವಿನ ಹೊಲಗಳು ಬಂದವು, ಬೇಲಿಯಾಚೆ ಮೇಯುತ್ತಿದ್ದ ಕುದುರೆಗಳು ತಲೆಯೆತ್ತಿ ನಮ್ಮನ್ನು ನೋಡಿದವು. ಒಂದು ನಾಯಿ ಅಟ್ಟಿಸಿಕೊಂಡು ಬಂದಾಗ ನಾನು ಕಿರುಚಲಿಲ್ಲ, ಜೋರಾಗಿ ತುಳಿದೆ. ಇಳಿಜಾರಿನಲ್ಲಿ ಬ್ರೇಕಿನ ಮೇಲಿದ್ದ ಬೆರಳುಗಳು ತಾವಾಗಿಯೇ ಸಡಿಲವಾದವು. ಹಿಂದಿನಿಂದ ಅವರು ಸಿಳ್ಳೆ ಹೊಡೆದರು.

"ವಯಸ್ಸಿಗೆ ತಕ್ಕ ಹಾಗಿರಿ," ಎಂದು ಕೂಗಿದೆ, ತಿರುಗಿ ನೋಡದೆ.

ಬಿಸಿಲು ಇಳಿಯುವ ಹೊತ್ತಿಗೆ ಕಾಲು ಮರದ ಕೊರಡಾಗಿತ್ತು. ಒಂದು ಊರು ಹತ್ತಿರವಾಯಿತು. ರಸ್ತೆಯಾಚೆ ಒಂದು ಮನೆಯ ಅಂಗಳದ ಹಗ್ಗದಲ್ಲಿ ನೀಲಿ ಪಟ್ಟೆಯ ಕಾಲುಚೀಲಗಳು ಒಣಗುತ್ತಿದ್ದವು. ಅರೆ, ನನ್ನ ಹತ್ತಿರವೂ ಇಂಥದ್ದೇ ಒಂದು ಜೊತೆ ಇದೆಯಲ್ಲ ಎಂದುಕೊಂಡೆ. ಆಮೇಲೆ ಹಿಮ್ಮಡಿಯಲ್ಲಿ ನಾನೇ ಹಾಕಿದ ಕೆಂಪು ಹೊಲಿಗೆ ಕಂಡಿತು. ಹಿಂದಿನ ಸಂಜೆ ಒಗೆದು ಹಾಕಿ ಮರೆತಿದ್ದವು.

ಆಮೇಲೇನು ಮಾಡಿದೆನೋ ನನಗೇ ತಿಳಿಯದು. ನೆಟ್ಟಗೆ ಹೋಗಿ ಆ ಹಗ್ಗದ ಮುಂದೆ ಸೈಕಲ್ ನಿಲ್ಲಿಸಿದೆ. ಒಡತಿ ಬಾಗಿಲಿಗೆ ಬಂದು ನಮ್ಮನ್ನು ನೋಡಿದಳು, ಸೈಕಲ್‌ಗಳನ್ನು ನೋಡಿದಳು. ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು.

"ಅಯ್ಯೋ, ಬೆಳಗ್ಗೆಯಿಂದ ತುಳಿದು ತುಳಿದು ಇಲ್ಲಿಗೇ ಬಂದ್ವಾ?" ಎಂದೆ. "ಬರೀ ಬಲಕ್ಕೆ ತಿರುಗಿದ್ರೆ ಇನ್ನೇನಾಗುತ್ತೆ. ನಿಮಗೂ ಗೊತ್ತಾಗ್ಲಿಲ್ವಾ?"

"ಮಧ್ಯಾಹ್ನವೇ ಗೊತ್ತಾಯ್ತು. ಸೂರ್ಯ ತಪ್ಪು ಭುಜದ ಮೇಲಿದ್ದ."

"ಮತ್ತೆ ಬಾಯಲ್ಲಿ ಏನಿಟ್ಕೊಂಡಿದ್ರಿ?"

"ಆ ಹೊತ್ತಿಗೆ ನೀನು ಹಿಂದೆ ತಿರುಗಿ ನೋಡೋದು ನಿಲ್ಲಿಸಿದ್ದೆ. ಹೇಳಿದ್ರೆ ಮತ್ತೆ ಶುರು ಮಾಡ್ತಿದ್ದೆ."

ಅವರು ಹೆಲ್ಮೆಟ್ ತೆಗೆದು, ಕೊಟ್ಟಿಗೆಯ ಕಡೆ ನೋಡಿದರು. ಸೈಕಲ್ ತುಂಬಿ ತಂದಿದ್ದ ನಮ್ಮ ರಟ್ಟಿನ ಪೆಟ್ಟಿಗೆಗಳು ಅಲ್ಲೇ ಗೋಡೆಗೆ ಒರಗಿದ್ದವು. ಬೇಕಾದೀತು ಎಂದು ಅವರೇ ಇಡಿಸಿದ್ದರು.

"ಸಂಜೆಯಾಯ್ತು," ಎಂದರು ಮೆಲ್ಲಗೆ. "ಒಪ್ಪಂದ ಒಪ್ಪಂದವೇ. ಪೆಟ್ಟಿಗೆ ತರಲಾ?"

ಮುಖ ಊದಿರಲಿಲ್ಲ. ಊದದ ಹಾಗೆ ಅವರು ಪಡುತ್ತಿದ್ದ ಪಾಡು ಕಾಣುತ್ತಿತ್ತು. ನಾನು ಉತ್ತರ ಹುಡುಕುತ್ತಾ ರಸ್ತೆ ನೋಡಿದೆ. ಅದೇ ಹಾಲಿನ ಲಾರಿ ಹೋಗುತ್ತಿತ್ತು. ಆಗ ಹೊಳೆಯಿತು. ಮನೆ ರಸ್ತೆಯ ಈಚೆ, ನಾವು ಬಂದದ್ದು ಆಚೆ ಬದಿಯಲ್ಲಿ.

"ರೀ, ನಾನು ರಸ್ತೆ ಹೇಗೆ ದಾಟಿದೆ?"

"ಕೈ ಚಾಚಿದೆ. ಎದುರಿನ ಕಾರಿಗೆ ದಾರಿ ಬಿಟ್ಟೆ. ಎಡಕ್ಕೆ ತಿರುಗಿದೆ. ಹಿಂದೆ ಇದ್ದ ನನಗೇ ಎದೆ ಧಸಕ್ಕಂತು."

"ಇಳಿದು ತಳ್ಳಲಿಲ್ವಾ?"

"ಕಾಲುಚೀಲ ಕಂಡ ಮೇಲೆ ನಿನ್ನನ್ನ ತಡೆಯೋರು ಯಾರು?"

ನಾನು ಕೊಟ್ಟಿಗೆಗೆ ಹೋಗಿ ನೋಡಿದೆ. ಒಂದು ಪೆಟ್ಟಿಗೆಯೊಳಗೆ ಮನೆಯ ಬೆಕ್ಕು ಆಗಲೇ ಸಂಸಾರ ಹೂಡಿತ್ತು. ಇನ್ನೊಂದನ್ನು ಮಡಿಸಿ ಒಡತಿಯ ಕೈಗಿತ್ತು, ಒಲೆಗೆ ಹಾಕಿ ಎಂದು ಸನ್ನೆ ಮಾಡಿದೆ. ನನ್ನವರು ಬೆಳಗ್ಗೆ ಒರೆಸಿದ್ದ ಸರಪಣಿಯನ್ನೇ ಮತ್ತೆ ಒರೆಸುತ್ತಾ ಸಿಳ್ಳೆ ಹಾಕತೊಡಗಿದರು.

ರಾತ್ರಿಯೂಟದ ಹೊತ್ತಿಗೆ ಅಣ್ಣನ ಫೋನ್ ಬಂತು.

"ಏನಮ್ಮಾ, ಎಲ್ಲಿಗೆ ಬಂತು ಸವಾರಿ?"

"ತುಂಬಾ ದೂರ ತುಳಿದ್ವಿ ಕಣೋ. ಇಲ್ಲೊಂದು ಒಳ್ಳೆ ಮನೆ ಸಿಕ್ಕಿದೆ. ಮನೆಯವರು ಹಳೇ ಪರಿಚಯದವರ ಹಾಗೆ ನೋಡ್ಕೊಳ್ತಿದ್ದಾರೆ."

ಎದುರು ಕುಳಿತಿದ್ದವರಿಗೆ ನೀರು ನೆತ್ತಿಗೇರಿತು.

"ಭಾವ ಯಾಕೆ ಕೆಮ್ಮುತ್ತಿದ್ದಾರೆ?"

"ದಾರಿ ಧೂಳು," ಎಂದೆ.

ಹೇಳಿದ್ದರಲ್ಲಿ ಧೂಳೊಂದು ಬಿಟ್ಟರೆ ಸುಳ್ಳಿರಲಿಲ್ಲ. ಉಳಿದದ್ದನ್ನು ಅಣ್ಣನಿಗೆ ಹೇಳಿದರೆ ಆಯುಷ್ಯಪೂರ್ತಿ ಆಡಿಕೊಳ್ಳುತ್ತಾನೆ, ಮಗಳಿಗೆ ಹೇಳಿದರೆ ಅವನಿಗೆ ತಲುಪುತ್ತದೆ. ಯಾರಿಗೂ ಹೇಳುವುದಿಲ್ಲವೆಂದು ಅಲ್ಲೇ ತೀರ್ಮಾನಿಸಿ, ಕಾಲುಚೀಲಗಳನ್ನು ಚೀಲದ ತಳಕ್ಕೆ ತುರುಕಿದೆ.