ಸುನ್ನಾ ಅಂದರೆ ಸುಣ್ಣ

ಮಣ್ಣಿನ ಶಾಸ್ತ್ರ ಓದಿದವರು ಕ್ಷಮಿಸಬೇಕು. ಸಂಜೆ ಶಾಲೆಯಲ್ಲಿ ಕಲಿತ ನಾಲ್ಕಕ್ಷರ ಇಟ್ಟುಕೊಂಡು ಸೀಸ, ಸುಣ್ಣ ಎಂದು ಬರೆಯಹೊರಡುವುದು ಅಧಿಕಪ್ರಸಂಗವೇ. ಆದರೆ ಆಂಧ್ರದ ಗಡಿಯ ರಾಯದುರ್ಗದ ಹಂಪಕ್ಕನ ಅರ್ಧ ಎಕರೆಯ ಕಥೆಯನ್ನು ಆ ಓದಿದವರು ಯಾರೂ ಹೇಳಲಿಲ್ಲ. ತಪ್ಪಿದ್ದರೆ ತಿದ್ದಿಕೊಳ್ಳಿ.

"ಏ ಬೋಸುಡಿ, ನಿನ್ನ ಸೊಪ್ಪು ಯಾ ದನ ತಿಂತೈತಲೇ? ತಿಂದ್ರ ನೀಲಿ ಸಗಣಿ ಹಾಕ್ತೈತಿ!"

ಜೀನ್ಸ್ ಪ್ಯಾಂಟು ತೊಳೆಯುವ ಘಟಕದ ಸಾವ್ಕಾರ ಸೂರಪ್ಪ ತನ್ನ ಗೇಟಿನಲ್ಲಿ ನಿಂತು ಹೀಗೆ ಕೂಗಿದ್ದಕ್ಕೆ ಆಳುಗಳೆಲ್ಲ ನಕ್ಕರು. ಕೆಳಗಿನ ಹೊಲದಲ್ಲಿ, ಹಳದಿ ತಿರುಗಿದ ಮೆಂತ್ಯವನ್ನು ಕಿತ್ತು ಎಸೆಯುತ್ತಿದ್ದ ಹಂಪಕ್ಕ ಸೊಂಟ ನೆಟ್ಟಗೆ ಮಾಡಿದಳು.

"ಸಗಣಿ ನೀಲಿ ಆದ್ರ ಚಲೋ ಆತಲ್ರೀ ಸಾವ್ಕಾರ್ರ. ನಿಮ್ ಪ್ಯಾಂಟಿಗೆ ಬಣ್ಣ ಕೊಳ್ಳೋದು ತಪ್ಪತೈತಿ."

ಈ ಸಲ ಆಳುಗಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಸೂರಪ್ಪನ ಮೀಸೆ ಕುಣಿಯಿತು. "ನಗು ನಗು. ಮಣ್ಣು ಸತ್ತೈತಿ ಅಂತ ಆಫೀಸರು ಬರದು ಕೊಡ್ತಾನ. ನಿನ್ ಪಟ್ಟಾ ರದ್ದಾಗ್ತೈತಿ. ಆಮ್ಯಾಲ ಆ ಜಾಗ ನನ್ ಬಣ್ಣದ ನೀರಿನ ಗುಂಡಿ!"

ಅದು ಮಾದಿಗರ ಕೇರಿಗೆ ಸರ್ಕಾರ ಕೊಟ್ಟ ಭೂಮಿ. ಹಂಪಕ್ಕನ ಅತ್ತೆ ಅದರಲ್ಲಿ ಕಲ್ಲು ಆರಿಸಿ ಆರಿಸಿಯೇ ಮುದುಕಿಯಾಗಿದ್ದಳು. ಊರಿಗೆ ಜೀನ್ಸ್ ಹೊಲಿಗೆ ಬಂದ ಮೇಲೆ ದಿಬ್ಬದ ಮೇಲೆ ಸೂರಪ್ಪನ ಘಟಕ ಎದ್ದಿತು. ಪ್ಯಾಂಟು ತೊಳೆದ ನೀರು ಇಳಿಜಾರು ಹಿಡಿದು ಅವಳ ಸೊಪ್ಪಿನ ಮಡಿಗೆ ಬಂತು. ಕೃಷಿ ಆಫೀಸಿನವರು ಪರೀಕ್ಷೆಗೆ ಮಣ್ಣು ಒಯ್ದರು. ಅಂದಿನಿಂದ ಅವಳು ಸಂತೆಗೆ ಸೊಪ್ಪು ಒಯ್ದಿರಲಿಲ್ಲ. "ಮಕ್ಕಳು ಮರಿ ತಿಂತಾವ" ಎನ್ನುತ್ತಿದ್ದಳು, ಅಷ್ಟೆ.

ಮರುದಿನ ಅವಳೂ ನೆಗೆಣ್ಣಿ ಉಜ್ಜಿನಮ್ಮನೂ ಆಫೀಸಿಗೆ ಹೋದರು. ಉಜ್ಜಿನಮ್ಮ ಪ್ಯಾಂಟುಗಳ ದಾರ ಕತ್ತರಿಸುವ ಕೆಲಸದವಳು. ಕತ್ತರಿ ಇನ್ನೂ ಸೊಂಟದಲ್ಲೇ ಇತ್ತು. ಗುಂಟೂರು ಕಡೆಯ ಆಫೀಸರು ಇಬ್ಬರನ್ನೂ ಹೊಸಲಿನಾಚೆಯೇ ನಿಲ್ಲಿಸಿ, ಮಣ್ಣಿನ ಚೀಟಿಯನ್ನು ಇವರತ್ತ ಎಸೆದರು. ತೆಲುಗಿನಲ್ಲಿ ಏನೋ ಗೊಣಗಿದರು. ಜವಾನ ಬಿಡಿಸಿ ಹೇಳಿದ:

"ಮಣ್ಣಾಗ ಸೀಸ ಐತಂತ. ಮಣ್ಣು ಹುಳಿ ಆಗೈತಂತ. ಹುಳಿ ಆದಷ್ಟೂ ಗಿಡ ಸೀಸ ಎಳಕೊಂತೈತಂತ."

"ಸೀಸಾನಾ?" ಉಜ್ಜಿನಮ್ಮನಿಗೆ ಹಗುರಾಯಿತು. "ಕುಡುಕರು ಒಗದಿರ್ತಾರ್ರಿ. ನಾಳೇನ ಎಲ್ಲಾ ಆರಿಸಿ ತೆಗಿತೀವಿ!"

ಆಫೀಸೇ ನಕ್ಕಿತು. ಅದು ಬಾಟ್ಲಿಯಲ್ಲ, ಬಣ್ಣದ ನೀರಿನಲ್ಲಿ ಬರುವ ವಿಷ ಎಂದು ಜವಾನ ತಿದ್ದಿದ. ಹಂಪಕ್ಕ ಮಾತ್ರ ನಗಲಿಲ್ಲ.

"ನಮ್ ಮಣ್ಣಿಗೆ ಏನ್ ಕೊಡ್ತೀರ್ರಿ ಸಾರ್?"

ಅವಳು ಕೇಳಿದ್ದು ಔಷಧ. ಆಫೀಸರಿಗೆ ಕೇಳಿಸಿದ್ದು ಪರಿಹಾರ. ತಲೆ ಎತ್ತದೆ ಹೆಬ್ಬೆರಳು ತೋರುಬೆರಳು ಕೂಡಿಸಿ ಉಂಗುರ ಮಾಡಿ ತೋರಿಸಿದರು.

"ಸುನ್ನಾ!"

ತೆಲುಗಿನಲ್ಲಿ ಸುನ್ನಾ ಅಂದರೆ ಸೊನ್ನೆ. ಆದರೆ ಹಂಪಕ್ಕನದು ಸಂತೆಯ ತೆಲುಗು. ಸಂತೆಯಲ್ಲಿ ಯಾರೂ ಸೊನ್ನೆ ಕಟ್ಟು ಸೊಪ್ಪು ಕೇಳುವುದಿಲ್ಲ. ಬೆರಳಿನ ಉಂಗುರ ಅವಳ ಕಣ್ಣಿಗೆ ಎಲೆಯಡಿಕೆ ಸಂಚಿಯ ಸುಣ್ಣದ ಡಬ್ಬಿಯಂತೆ ಕಂಡಿತು. "ಬಂಗಾರದಂಥಾ ಮಾತ್ ಹೇಳಿದ್ರಿ" ಎಂದು ಕೈ ಮುಗಿದು ಹೊರಟೇಬಿಟ್ಟಳು.

"ಯಕ್ಕಾ, ಆತ ಅಂದಿದ್ದು ಸೊನ್ನಿ ಇರಬೇಕು" ಎಂದಳು ಉಜ್ಜಿನಮ್ಮ, ದಾರಿಯಲ್ಲಿ.

"ನನ್ ಕಿವಿಗೆ ಸುಣ್ಣ ಅಂತ ಬಿದ್ದೈತಿ. ಬಿದ್ದದ್ದು ಬಿತ್ತು, ನಡಿ."

ಸುಣ್ಣ ಸುಡುವ ಪಾಲಯ್ಯ ಭಟ್ಟಿಯ ಮುಂದೆ ಕೂತಿದ್ದ. "ಯಾವ ಗ್ವಾಡಿಗೆ ಬಳಿತೀಯಬೇ?"

"ಗ್ವಾಡಿಗಲ್ಲೋ, ಹೊಲಕ್ಕ."

"ಯಾಕ, ಹೊಲದ ಮದಿವಿ ಮಾಡ್ತೀಯೇನು?"

"ಹೂಂ. ವರ ಸೂರಪ್ಪ. ಮದಲು ಸುಣ್ಣ, ಆಮ್ಯಾಲ ಮೆರವಣಿಗಿ."

ನಕ್ಕು ನಕ್ಕು ಕೆಮ್ಮಿದ ಪಾಲಯ್ಯ, ಭಟ್ಟಿಯ ತಳದ ಪುಡಿಯನ್ನೆಲ್ಲ ಬಳಿದು ಕೊಟ್ಟ. ಹೆಂಗಸರು ಬಣ್ಣದ ನೀರನ್ನು ಹೊಲದ ಮೂಲೆಯ ಗುಂಡಿಗೆ ತಿರುಗಿಸಿದರು. ಮುಖಕ್ಕೆ ಸೆರಗು ಸುತ್ತಿ ಸುಣ್ಣ ಎರಚಿದರು. ಸುಣ್ಣ ಮಣ್ಣಿಗಿಳಿದ ಮೇಲೆ ಹಳೇ ತಿಪ್ಪೆಯ ಗೊಬ್ಬರ ಹೊತ್ತು ಹಾಕಿ ಅಗೆದು ಬೆರೆಸಿದರು. ಕೈ ಬಿರಿಯಿತು, ಹುಬ್ಬು ಬೆಳ್ಳಗಾಯಿತು. ಒಬ್ಬಳ ಮುಖ ನೋಡಿ ಇನ್ನೊಬ್ಬಳು ನಗುವುದೇ ದಿನಾ ಕೆಲಸ. ಮಳೆ ಬಿದ್ದ ಮೇಲೆ ಹಾಕಿದ ಮೆಂತ್ಯ ಹಸಿರಾಗಿ ಎದ್ದಿತು.

ಮಣ್ಣು ಇನ್ನೊಮ್ಮೆ ಪರೀಕ್ಷೆಗೆ ಹೋಯಿತು. ಸೂರಪ್ಪ ಆಫೀಸರನ್ನು ತನ್ನ ಜೀಪಿನಲ್ಲೇ ಹೊಲಕ್ಕೆ ಕರೆತಂದ. ಚೀಟಿ ನೋಡಿದ ಆಫೀಸರ ಹುಬ್ಬು ಮೇಲೇರಿತು. ಹುಳಿ ಹೋಗಿತ್ತು. ಗಿಡ ಎಳೆದುಕೊಳ್ಳಬಲ್ಲ ಸೀಸ ಅರ್ಧಕ್ಕಿಂತ ಕೆಳಗೆ ಇಳಿದಿತ್ತು.

"ಎವರು ಚೆಪ್ಪಾರು ನೀಕು?" ಯಾರು ಹೇಳಿದರು ನಿನಗೆ ಎಂದರು.

"ನೀವ ಹೇಳಿದ್ರಲ್ರೀ ಸಾರ್, ಸುನ್ನಾ ಅಂತ!" ಹಂಪಕ್ಕ ಬೆರಳು ಕೂಡಿಸಿ ಉಂಗುರ ತೋರಿಸಿದಳು.

ಆಫೀಸರು ಚೀಟಿಯನ್ನು ಮತ್ತೊಮ್ಮೆ ನೋಡಿದರು. ಇಲ್ಲ ಎನ್ನಬೇಕಾದರೆ ತಾನು ಅಂದದ್ದು ಸೊನ್ನೆ ಎಂದು ಒಪ್ಪಿಕೊಳ್ಳಬೇಕು. ಸುತ್ತ ಕೇರಿಯೇ ನಿಂತಿತ್ತು. "ಆ... ನೇನೇ ಚೆಪ್ಪಾನು", ನಾನೇ ಹೇಳಿದ್ದು ಎಂದು ಎದೆ ಉಬ್ಬಿಸಿ, ತನ್ನ ಸಲಹೆಯಿಂದ ಮಣ್ಣು ಸುಧಾರಿಸಿದೆ ಎಂದು ಬರೆದು ಸಹಿ ಹಾಕಿದರು.

"ನಿಮ್ಮವ್ವನ್..." ಸೂರಪ್ಪ ಬೈದದ್ದು ಯಾರಿಗೋ, ಆಫೀಸರೂ ಒಮ್ಮೆ ತಿರುಗಿ ನೋಡಿದರು.

ಆಗ ಮೂಲೆಯ ಗುಂಡಿ ತುಂಬಿ ಬಣ್ಣದ ನೀರು ಹೊಲದ ಬದು ಮುಟ್ಟಿತ್ತು. ಹಂಪಕ್ಕ ದಿಬ್ಬ ಹತ್ತಿದಳು. ಹಿಂದೆ ಕೇರಿಯ ಹೆಂಗಸರು, ತಲೆಯ ಮೇಲೆ ಪಾಲಯ್ಯನ ಭಟ್ಟಿಯ ಕಲ್ಲು. ಘಟಕದ ಗೋಡೆಯಡಿ ನೀರು ಹೊರಬೀಳುವ ತೂತಿಗೆ ಕಲ್ಲು ಜಡಿದು, ಮೇಲೆ ಸುಣ್ಣ ಕಲಸಿ ಮೆತ್ತಿದರು. ಅಕ್ಷರ ಬಾರದ ಹಂಪಕ್ಕ ಉಳಿದ ಸುಣ್ಣದಲ್ಲಿ ಅಂಗೈ ಅದ್ದಿ, ಸೂರಪ್ಪನ ಗೇಟಿನ ಮೇಲೆ ಆಳೆತ್ತರದ ಸೊನ್ನೆ ಎಳೆದಳು.

"ತಗೋರಿ ಸಾವ್ಕಾರ್ರ. ಇದು ನಿಮ್ ಪಾಲಿಂದು."

ಹೊರದಾರಿ ಮುಚ್ಚಿದ ನೀಲಿ ನೀರು ಗೇಟಿನ ಕೆಳಗಿಂದ ಜಿನುಗಿ ಬಂದು, ಅವರ ಹಿಂದೆಯೇ ದಿಬ್ಬ ಹತ್ತಿ ಬಂದಿದ್ದ ಸೂರಪ್ಪನ ಬಿಳಿ ಚಪ್ಪಲಿ ಮುಟ್ಟಿತು.

ಮಣ್ಣಿನ ಲೆಕ್ಕ ಇಷ್ಟು. ಸೊಪ್ಪಿನದು ಬೇರೆ. ಎಲೆಯ ಪರೀಕ್ಷೆ ರಾಯದುರ್ಗದಲ್ಲಿ ಆಗುವುದಿಲ್ಲವಂತೆ. ಹಂಪಕ್ಕ ಒದ್ದೆ ಬಟ್ಟೆಯಲ್ಲಿ ಒಂದು ಕಟ್ಟು ಮೆಂತ್ಯ ಸುತ್ತಿ, ಆಫೀಸಿನವರ ಕೈಯಲ್ಲೇ ದೊಡ್ಡ ಊರಿಗೆ ಕಳಿಸಿದ್ದಾಳೆ. ಉತ್ತರ ಬರುವ ತನಕ ಮಾರುವುದಿಲ್ಲ ಎಂದು ಕೂತಿದ್ದಾಳೆ. ಆ ಸೊಪ್ಪನ್ನು ಮಕ್ಕಳು ತಿನ್ನಬಹುದೋ ಬಾರದೋ, ನನಗೆ ಗೊತ್ತಿಲ್ಲ.